ಹಾರಂಗಿ ದಾಟಿದವನ ಮುಳುಗು ಪರೀಕ್ಷೆ

ನೀರೆಂದರೆ ನನಗೆ ಭಯವೇ ಇಲ್ಲ. ಇಳಿದರೆ ತಾನೇ ಭಯ! ಐವತ್ತು ವರ್ಷ ಈ ಧೈರ್ಯಕ್ಕೆ ಒಂದು ಹನಿಯೂ ತಾಗದಂತೆ ಕಾಪಾಡಿಕೊಂಡು ಬಂದಿದ್ದೆ.

ನಾನು ಸೋಮವಾರಪೇಟೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರು. ರೈಟರು ಎಂದರೆ ಸಾಹಿತಿಯಲ್ಲ, ಕೆಲಸದವರ ಹಾಜರಿ ಬರೆಯುವವನು. ಹೆಂಡತಿ ಸುಧಾ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹವಳದ ಬಂಡೆ ಬರೆದೂ ಬರೆದೂ, ಒಂದು ಸಲ ನಿಜವಾದದ್ದನ್ನು ನೋಡಲೇಬೇಕು ಎಂದು ಹಟ ಹಿಡಿದಳು. ಅಂಡಮಾನಿನಲ್ಲಿ ಐದು ದಿನದ ಹಡಗು ಪ್ರವಾಸವಂತೆ. ಊಟ, ನಿದ್ದೆ ಎಲ್ಲ ಹಡಗಿನಲ್ಲೇ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಲ್ಲಿಂದಲೇ ಸಮುದ್ರಕ್ಕೆ ಇಳಿಯುವುದು. ಆದರೆ ಒಬ್ಬರೇ ಇಳಿಯುವಂತಿಲ್ಲ, ಜೋಡಿ ಬೇಕು. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರು ಕೊಡಬೇಕು.

ನಮ್ಮೋರು ಹಾರಂಗಿ ಹೊಳೆ ಈಜಿ ದಾಟಿದವರು, ನನಗೇನು ಯೋಚನೆ ಎಂದು ಸುಧಾ ಸ್ಟಾಫ್ ರೂಮಿನಲ್ಲೆಲ್ಲ ಹೇಳಿಬಿಟ್ಟಳು. ಹೆಣ್ಣು ನೋಡಲು ಹೋದ ದಿನ ಕೇಸರಿಬಾತ್ ತಿನ್ನುತ್ತಾ ನಾನೇ ಬಿಟ್ಟ ಬುರುಡೆ ಅದು. ಈಜು ನನಗೆ ಬರುವುದಿಲ್ಲ ಎಂಬ ಸಣ್ಣ ವಿಷಯವನ್ನು ಮದುವೆಯಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಪುರುಸೊತ್ತಾಗಲಿಲ್ಲ.

ಹೊರಡುವ ಮುಂಚೆ ಕುಶಾಲನಗರದ ಈಜುಕೊಳದಲ್ಲಿ ಒಂದು ಪರೀಕ್ಷೆ. ಇನ್ನೂರು ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಸುಧಾ ಒಂದು ತಿಂಗಳು ಅಲ್ಲಿಗೆ ಹೋಗಿ ಈಜು ಕಲಿತಳು. ನನ್ನನ್ನೂ ಕರೆದಳು. ತೇಲುವುದೇನು ಮಹಾ ಎಂದು ನಾನು ಹೋಗಲಿಲ್ಲ. ಹೋದರೆ ಗುಟ್ಟು ರಟ್ಟಾಗುತ್ತಿತ್ತಲ್ಲ!

ತೇಲುವುದರ ಬಗ್ಗೆ ನನಗೊಂದು ತಾತ್ವಿಕ ವಿರೋಧವೂ ಇತ್ತು. ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕುವ ಮುಂಚೆ ನಾವು ನೀರಿನ ತೊಟ್ಟಿಗೆ ಸುರಿಯುತ್ತೇವೆ. ತೇಲಿದ್ದು ಜೊಳ್ಳು, ಅದನ್ನು ತೆಗೆದು ಬೇರೆ ರಾಶಿಗೆ ಹಾಕುತ್ತೇವೆ. ಮುಳುಗಿದ್ದು ಗಟ್ಟಿ ಮಾಲು. ಇಷ್ಟು ವರ್ಷ ಕೆಲಸದವರಿಗೆ ಈ ಪಾಠ ಹೇಳಿದವನು ನಾನೇ ಹೋಗಿ ತೇಲುವುದೇ? ಹೇಗೂ ಡೈವಿಂಗ್ ಎಂದರೆ ಮುಳುಗುವುದು. ಅದೊಂದು ಬಂದರೆ ಉಳಿದದ್ದು ಕೃಪಾಂಕದಲ್ಲಿ ಪಾಸಾಗುತ್ತದೆ ಎಂದು ಧೈರ್ಯ ತಂದುಕೊಂಡೆ.

ಪರೀಕ್ಷೆಗೆ ಒಂದು ವಾರ ಇರುವಾಗ ಎಸ್ಟೇಟಿನ ಕೆರೆಗೆ ಹೋದೆ. ಮುಳುಗುವವರು ಸೊಂಟಕ್ಕೆ ಸೀಸದ ತೂಕ ಕಟ್ಟುವುದನ್ನು ಮೊಬೈಲಿನಲ್ಲಿ ನೋಡಿದ್ದೆ. ಸ್ಟೋರಿನ ಮೂಲೆಯಲ್ಲಿದ್ದ ಹಳೇ ತಕ್ಕಡಿಯ ಐದೈದು ಕೆಜಿಯ ಎರಡು ತೂಕದ ಕಲ್ಲುಗಳನ್ನು ತೆಂಗಿನ ಹಗ್ಗದಲ್ಲಿ ಪೋಣಿಸಿ ಕಟ್ಟಿಕೊಂಡೆ. ಪ್ರವಾಸಕ್ಕೆಂದು ತರಿಸಿದ್ದ ಸಾಮಾನನ್ನೂ ಏರಿಸಿಕೊಂಡೆ: ಕಣ್ಣಿಗೆ ದೊಡ್ಡ ಕನ್ನಡಕ, ಬಾಯಿಗೆ ಕೊಳವೆ, ಕಾಲಿಗೆ ರಬ್ಬರಿನ ಬಾತುಕೋಳಿ ಪಾದ. ನಾಲ್ಕೇ ಹೆಜ್ಜೆ! ಸೊಂಟದಷ್ಟು ನೀರಿನಲ್ಲಿ ಮಂಡಿಯವರೆಗೆ ಕೆಸರಿಗೆ ಹೂತುಕೊಂಡೆ. ಮುಂದೆ ಹೋಗಲಾರೆ, ಹಿಂದೆ ಬರಲಾರೆ, ನೆನೆದ ಹಗ್ಗದ ಗಂಟು ಬಿಚ್ಚಲಾರೆ. ಕೂಗಿದರೆ ಕೊಳವೆ 'ಪೋಂ' ಎಂದಿತು.

ಊಟಕ್ಕೆ ಮುಂಚೆ ಕೈ ತೊಳೆಯಲು ಬಂದ, ಹಣ್ಣು ಕೊಯ್ಯುವ ಪಿಕ್ಕಿಂಗ್ ಹೆಂಗಸರ ಕಣ್ಣಿಗೆ ಬಿದ್ದೆ. ಆರು ಮಂದಿ ಸೇರಿ ಹಗ್ಗ ಎಸೆದು ನನ್ನನ್ನು ದಡಕ್ಕೆ ಎಳೆದು ಹಾಕಿದರು. ಒಂದು ಬಾತುಕೋಳಿ ಪಾದ ಕೆಸರಿನಲ್ಲೇ ಉಳಿಯಿತು. ಅವರಲ್ಲಿ ಹಿರಿಯಾಕೆ ಜಾನಕಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಬಹಳ ಗಂಭೀರವಾಗಿ ಕೇಳಿದಳು:

"ರೈಟ್ರೇ, ನೀವು ತೇಲೋದೂ ಇಲ್ಲ, ಮುಳುಗೋದೂ ಇಲ್ಲ. ಯಾವ ರಾಶಿಗೆ ಹಾಕೋದು ನಿಮ್ಮನ್ನ?"

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಸುಧಾ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

"ಹಾರಂಗಿ ದಾಟಿದ್ದು?" ಎಂದಳು.

"ಸೇತುವೆ ಮೇಲೆ" ಎಂದೆ.

ಅವಳು ಟವೆಲನ್ನು ನನ್ನ ಹೆಗಲಿಗೆ ಹಾಕಿ, "ನೀರಿನಡಿ ನನ್ನ ಗಾಳಿ ಮುಗಿದ್ರೆ ನಾನು ತಿರುಗಿ ನೋಡೋದು ನಿಮ್ಮ ಮುಖಾನೇ ಅಲ್ವೇನ್ರೀ? ಈಜು ಬರಲ್ಲ ಅಂದಿದ್ರೆ ಇಬ್ರೂ ಒಟ್ಟಿಗೇ ಕಲೀತಿದ್ವಿ" ಎಂದಳು.

ಸ್ನಾನ ಮಾಡಿದೆ. ಕೆಸರು ಹೋಯಿತು, ನಾಚಿಕೆ ಹೋಗಲಿಲ್ಲ. ಒಂದು ತಿಂಗಳು ಬಸ್ಸಿನಲ್ಲಿ ಅವಳ ಪಕ್ಕ ಕೂತು ಕುಶಾಲನಗರಕ್ಕೆ ಹೋಗಬಹುದಿತ್ತು.

ಜೋಡಿಯಿಲ್ಲದೆ ಅವಳ ಪ್ರವಾಸವೇ ತಪ್ಪಿಹೋಗುವುದರಲ್ಲಿತ್ತು. ಕೊನೆಗೆ ಅವಳೇ ಈಜು ಬಲ್ಲ, ಶಾಲೆಯ ಪಿ.ಟಿ. ಟೀಚರ್ ಶೈಲಜಾ ಅವರನ್ನು ಒಪ್ಪಿಸಿದಳು. ಇಬ್ಬರೂ ಪರೀಕ್ಷೆ ಪಾಸಾದರು. ಹೊರಡುವ ಹಿಂದಿನ ದಿನ ಸುಧಾ ಹಡಗಿನವರ ಫಾರಂ ತುಂಬಿ, ತಪ್ಪಿದ್ದರೆ ತಿದ್ದಿ ಎಂದು ನನ್ನ ಮುಂದಿಟ್ಟಳು.

ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬಲ್ಲಿ ನನ್ನ ಹೆಸರಿತ್ತು. ಎದೆಯುಬ್ಬಿತು! ಸಂಬಂಧ: ಗಂಡ. ಅದರ ಕೆಳಗೆ, ಅವರು ಸಿಗುವ ಸ್ಥಳ: ದಡ.

ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ.