ನಿಮ್ಮಕ್ಕನನ್ನು ಅಂಗನವಾಡಿಗೆ ಪಳಗಿಸಿದ್ದು

ಮಕ್ಕಳೇ, ನಿಮ್ಮಜ್ಜನಿಗೆ ಕೂಸಿಗೂ ಕುರಿಮರಿಗೂ ವ್ಯತ್ಯಾಸವೇ ಗೊತ್ತಿರಲಿಲ್ಲ! ಇದನ್ನು ಬರೆಯಲು ನನಗೆ ನಾಚಿಕೆ. ಅವರಿದ್ದಿದ್ದರೆ ಈ ಹಾಳೆಯನ್ನು ಆಡಿಗೆ ತಿನ್ನಿಸಿಬಿಡುತ್ತಿದ್ದರು.

ನಿಮ್ಮಕ್ಕನಿಗೆ ಮೂರು ತುಂಬಿದ ವರ್ಷ ಅದು. ನಿಮ್ಮವ್ವನಿಗೆ ಜಮಖಂಡಿಯಲ್ಲಿ ಶಿಕ್ಷಕಿಯಾಗುವ ತರಬೇತಿಗೆ ಸೀಟು ಸಿಕ್ಕಿತ್ತು. ಹಗಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ; ನಾನು ಹೊಲಕ್ಕೆ, ಅಜ್ಜ ಕುರಿಯ ಹಿಂದೆ. ಕೂಸು ಊರಿನ ಅಂಗನವಾಡಿಯಲ್ಲಿ ಕುಳಿತರೆ ಅವಳು ಬಸ್ಸು ಹತ್ತಬಹುದು. ಕೂರದಿದ್ದರೆ? ತರಬೇತಿಯ ಆಸೆಯನ್ನೇ ಬಿಡಬೇಕು.

"ಪಳಗಸೂದು ನನಗ ಬಿಡ್ರಿ. ವರ್ಷಾ ಎಷ್ಟ ಮರಿ ಹಾಲು ಬಿಡಸೇನಿ!" ಎಂದರು ಅಜ್ಜ.

ಹಾಲು ಬಿಡಿಸುವಾಗ ತಾಯಿಕುರಿಯನ್ನು ದಿನದಿನಕ್ಕೆ ಇಷ್ಟಿಷ್ಟು ಹೆಚ್ಚು ಹೊತ್ತು ದೂರ ಇಡುತ್ತಾರಲ್ಲ, ಅದೇ ಪದ್ಧತಿ! ನಿಮ್ಮವ್ವನನ್ನು ಹಿತ್ತಲಿನ ಕುರಿಹಟ್ಟಿಯಲ್ಲಿ ಅಡಗಿಸಿ ಕೂರಿಸಿದರು. ಮೊದಲ ದಿನ ಒಂದು ಬೀಡಿ ಸೇದುವಷ್ಟು ಹೊತ್ತು, ಮರುದಿನ ಎರಡು ಬೀಡಿ. ಅಜ್ಜನಿಗೋ ನಿಂತಲ್ಲಿ ನಿಲ್ಲಲಾಗದು. ಕೂಸಿನ ಹತ್ತಿರ ಒಮ್ಮೆ, ಹಟ್ಟಿಗೆ ಒಮ್ಮೆ ಓಡಾಟ. ಐದನೆಯ ದಿನ ಹಟ್ಟಿಯಿಂದ ಬಿಕ್ಕುವ ಸದ್ದು ಕೇಳಿತು.

"ನೋಡಲೇ, ಮರಿ ಸುಮ್ಮ ಆಡಾಕತ್ತೈತಿ, ಒದರಾಕತ್ತಿದ್ದು ತಾಯಿ!" ಎಂದರು ಅಜ್ಜ.

ಅಂಗನವಾಡಿಯ ಮೊದಲ ದಿನ ಬಂತು. ಕೂಸಿಗೆ ಹೊಸ ಫ್ರಾಕು ತೊಡಿಸಿ ನಾನು ಬಾಚಣಿಗೆ ತರುವಷ್ಟರಲ್ಲಿ ಬೆನ್ನ ಮೇಲೆ ಕೆಮ್ಮಣ್ಣಿನ ಅಡ್ಡಪಟ್ಟೆ! ನಮ್ಮ ಕುರಿಗಳಿಗೆಲ್ಲ ಹಾಕುವ ಗುರುತು.

"ಏನ್ರಿ ಇದು?"

"ಬ್ಯಾರೆ ಹಿಂಡಿನ್ಯಾಗ ಕೂಡಿತಂದ್ರ ಹೆಂಗ ಹುಡುಕ್ತಿ?"

"ಮಾರಿ ನೋಡಿದ್ರ ಗುರ್ತು ಸಿಗಂಗಿಲ್ಲೇನ್ರಿ?"

"ನನಗ ಸಿಗತೈತಿ. ಅಕ್ಕೋರಿಗೆ ಸಿಗಬೇಕಲ್ಲಾ!"

ಪಟ್ಟೆಯೊಂದಿಗೇ ಹೊರಟಿತು ಸವಾರಿ. ಅಂಗನವಾಡಿಯ ಅಕ್ಕೋರು ನಕ್ಕು ಸುಮ್ಮನಾದರು. ಅಜ್ಜ ಸುಮ್ಮನಾಗಬೇಕಲ್ಲ? ಗಳಿಗೆಗೊಮ್ಮೆ ಕಿಟಕಿಯಲ್ಲಿ ಇಣುಕಿ, ಬೆರಳು ಚಾಚಿ ಮಕ್ಕಳನ್ನು ಎಣಿಸುವುದು! ಕೊನೆಗೆ ಅಕ್ಕೋರೇ ಕೇಳಿದರು:

"ಕಾಕಾ, ಎಲ್ಲಾ ಅದಾವೇನ್ರಿ?"

"ಒಂದ ಕಡಿಮಿ ಐತ್ರಿ."

"ಹೌದ್ರಿ, ನೀವ ಹೊರಗ ನಿಂತೀರಲ್ಲ. ಒಳಗ ಬರ್ರಿ!"

ಮೂರು ದಿನ ಹೀಗೆ ಸಾಗಿತು. ನಾಲ್ಕನೆಯ ದಿನ ನಿಮ್ಮವ್ವನ ತರಬೇತಿ ಶುರು. ಅಂಗನವಾಡಿಯ ಬಾಗಿಲಲ್ಲಿ ಕೂಸನ್ನು ಬಿಟ್ಟು ಅವಳು ರಸ್ತೆಯತ್ತ ನಡೆದದ್ದೇ, ಕೂಸು ಊರಿಗೆಲ್ಲ ಕೇಳುವಂತೆ ಚೀರಿತು. ಬಸ್ಸು ಬಂದು ನಿಂತಿತ್ತು. ನಿಮ್ಮವ್ವ ತಿರುಗಿ ಬಂದುಬಿಟ್ಟಳು.

"ನಾ ಹೋಗಂಗಿಲ್ಲ ಬಿಡ್ರಿ, ಮಾವಾರ."

ಅಜ್ಜ ಹೆಗಲ ಮೇಲಿನ ಕಂಬಳಿ ತೆಗೆದರು. ಊಟಕ್ಕೆ ಕೂತರೂ ಅದನ್ನು ಬಿಟ್ಟವರಲ್ಲ, ಒಗೆಯಲು ನನಗೂ ಕೊಟ್ಟವರಲ್ಲ. ಅದನ್ನು ಅಂಗನವಾಡಿಯ ನೆಲಕ್ಕೆ ಹಾಸಿ ಕೂಸನ್ನು ಕೂಡಿಸಿದರು.

"ಯವ್ವಾ, ಇದನ್ನ ಯಾರೂ ಒಯ್ಯದಂಗ ಕಾಯ್ತಿಯೇನು? ಸಾಲಿ ಬಿಟ್ಟ ಮ್ಯಾಲ ಇಸ್ಕೊಳ್ಳಾಕ ಬರ್ತೇನಿ."

ಕೂಸು ಮೂಗೊರೆಸಿಕೊಂಡು, ಕಂಬಳಿಯ ಅಂಚು ಹಿಡಿದು, ಗಟ್ಟಿಯಾಗಿ ಕುಳಿತಿತು. ಅಜ್ಜ ಸೊಸೆಗೆ ಬಸ್ಸು ತೋರಿಸಿದರು. "ಹತ್ತವ್ವಾ."

ಆವತ್ತು ಮಧ್ಯಾಹ್ನವಾಗುವ ಮೊದಲೇ ಮಳೆ ಹಿಡಿಯಿತು. ಕುರಿ ಹೊಡೆದುಕೊಂಡು ಅಜ್ಜ ತೊಯ್ದು ತೊಪ್ಪೆಯಾಗಿ, ನಡುಗುತ್ತ, ನಾನಿದ್ದ ಹೊಲಕ್ಕೆ ಬಂದರು.

"ಕಂಬಳಿ ತಗೊಂಡ ಬರಬಾರದೇನ್ರಿ?" ಎಂದೆ.

"ಸಾಲಿ ಬಿಡೂತನಕ ಅದು ಕೂಸಿಂದು," ಎಂದರು.