ಅವಿವಾಹಿತ ಕೃಷ್ಣಮೂರ್ತಿಯವರ ಮಗಳ ಅಹವಾಲು

ವೇಲಚೇರಿ, ಚೆನ್ನೈ
ಜುಲೈ ೨೦೦೪

ನಮ್ಮ ಕನ್ನಡ ಬಳಗದ ವಧು-ವರ ವೆಬ್‌ಸೈಟನ್ನು ಉಚಿತವಾಗಿ ಕಟ್ಟಿಕೊಟ್ಟ ಉದಾರಿಗಳಾದ ಸೂರಜ್ ಅವರ ಸನ್ನಿಧಿಗೆ,

ಮಾನ್ಯರೇ,

ನಮಿತಾ ಮಾಡುವ ಅನಂತ ನಮಸ್ಕಾರಗಳು. ಈ ಪತ್ರದ ಒಂದು ಪ್ರತಿಯನ್ನು ಬಳಗದ ನೋಟೀಸ್ ಬೋರ್ಡಿಗೂ ಅಂಟಿಸಿದ್ದೇನೆ. ತಮ್ಮ ಕಾರ್ಯಕೌಶಲದ ಫಲವನ್ನು ನಾನೊಬ್ಬಳೇ ಅನುಭವಿಸುವುದು ನ್ಯಾಯವಲ್ಲ.

ನನ್ನ ತಂದೆ ವಿಷ್ಣುಮೂರ್ತಿಯವರು ತಿರುವೊಟ್ಟಿಯೂರಿನ ತಮ್ಮ ಹೋಟೆಲನ್ನು ವೇಲಚೇರಿಗೆ ಸ್ಥಳಾಂತರಿಸಿದಾಗ ಬಳಗದವರು ಅವರ ಹಳೆಯ ಸದಸ್ಯತ್ವವನ್ನು ಅಳಿಸಿ ಹೊಸ ನಂಬರ್ ಕೊಟ್ಟರು. ಆ ಹಳೆಯ ನಂಬರನ್ನೇ ನಂಬಿಕೊಂಡು ಮಗಳೊಬ್ಬಳ ವಿವರ ಇದೆಯಲ್ಲ ಎಂದು ತಮ್ಮ ಡೇಟಾಬೇಸ್ ಒಂದು ಮಾತೂ ಕೇಳಲಿಲ್ಲ. ಸಾಲದೆಂಬಂತೆ, ಖಾಲಿಯಾದ ನಂಬರ್ ವ್ಯರ್ಥವಾಗಬಾರದೆಂದು, ಲಾಡ್ಜಿನ ರೂಮು ಕೊಟ್ಟ ಹಾಗೆ ಅದನ್ನು ಮಣಲಿಯ ಎಂಜಿನಿಯರ್ ಕೃಷ್ಣಮೂರ್ತಿಯವರಿಗೆ ಕೊಟ್ಟಿತು. ನನ್ನ ವಿವರದಲ್ಲಿ 'ತಂದೆ' ಎಂಬಲ್ಲಿ ಇನ್ನೂ ಆ ಹಳೆಯ ನಂಬರೇ ಇದ್ದುದರಿಂದ ಅಂದಿನಿಂದ ಅವರ ಮಗಳಾದೆ. ಆ ಮಹನೀಯರಿಗೆ ಇನ್ನೂ ಮದುವೆಯಾಗಿಲ್ಲ. ಇಷ್ಟು ದೊಡ್ಡ ಮಗಳಿರುವುದನ್ನು ಕಂಡು ಅವರಿಗೆ ಬರುತ್ತಿದ್ದ ಸಂಬಂಧಗಳೂ ನಿಂತುಹೋಗಿವೆಯಂತೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಕಳೆದ ಭಾನುವಾರ ತಾವು ಹೆಣ್ಣು ನೋಡಲು ನಮ್ಮ ಮನೆಗೆ ಬರಬೇಕಿತ್ತು. ಹೊರಡುವ ಮುನ್ನ ತಮ್ಮ ತಾಯಿ ಬೇಬಿ ಅಮ್ಮನವರು ಸೈಟ್ ತೆರೆದರು. ಗೋತ್ರವನ್ನು ಎರಡೆರಡು ಕಡೆ ಬರೆಯಿಸದೆ ಅಪ್ಪನ ವಿವರದಿಂದಲೇ ಎತ್ತಿಕೊಳ್ಳುವ ತಮ್ಮ ಜಾಣ್ಮೆ ನಿಜಕ್ಕೂ ಶ್ಲಾಘನೀಯ. ಅದರ ದೆಸೆಯಿಂದ ಭಾರದ್ವಾಜ ಗೋತ್ರದ ನಾನು ಕೃಷ್ಣಮೂರ್ತಿಯವರ ವಿಶ್ವಾಮಿತ್ರ ಗೋತ್ರಕ್ಕೆ ಸೇರಿಬಿಟ್ಟಿದ್ದೆ, ತಮ್ಮದೂ ಅದೇ. ಸಗೋತ್ರದ ಹೆಣ್ಣು ತರುವುದುಂಟೇ, ಅಣ್ಣ-ತಂಗಿ ಆದ ಹಾಗಾಯಿತಲ್ಲ ಎಂದು ಅವರು ನೊಂದುಕೊಂಡು ಫೋನ್ ಮಾಡಿದರು. ನನ್ನ ತಂದೆ ಎಷ್ಟು ಹೇಳಿದರೂ, ನನ್ನ ಮಗ ಮಾಡಿದ ಸೈಟ್ ಸುಳ್ಳು ಹೇಳುತ್ತದೆಯೇ ಎಂದರಂತೆ. ಹೆತ್ತ ಮಗಳಿಗೆ ತಾನೇ ಅಪ್ಪ ಎಂದು ನನ್ನ ತಂದೆ ಫೋನಿನಲ್ಲಿ ವಾದಿಸಬೇಕಾಯಿತು. ತಮಗಾಗಿ ಕರಿದಿದ್ದ ಗೋಳಿಬಜೆಯನ್ನು ಹೋಟೆಲಿಗೆ ಕಳಿಸಿದೆವು.

ನಾನೂ ಇದೇ ಕೆಲಸದಲ್ಲಿ ಅನ್ನ ತಿನ್ನುವವಳು. ಮಗಳ ವಿವರ ಇರುವ ತನಕ ಅಪ್ಪನ ವಿವರ ಅಳಿಸಲು ಬಿಡದ 'ಫಾರಿನ್ ಕೀ' ಎಂಬ ಕಟ್ಟಳೆಗೆ ಒಂದೇ ಸಾಲು ಬರೆದರೆ ಸಾಕು. ಅದನ್ನು ಹಾಕಿದರೆ ಸೈಟ್ ನಿಧಾನವಾಗುತ್ತದೆಂದು ತಾವು ವಾರ್ಷಿಕ ಸಭೆಯಲ್ಲಿ ಅಪ್ಪಣೆ ಕೊಡಿಸಿದ್ದಿರಿ. ವೇಗದ ಬಗ್ಗೆ ನನ್ನ ತಕರಾರಿಲ್ಲ; ಕಣ್ಣು ಮುಚ್ಚಿ ತೆರೆಯುವುದರಲ್ಲಿ ನನಗೆ ಬೇರೆ ಅಪ್ಪ ಸಿಕ್ಕಿದರು. ಆ ಒಂದು ಸಾಲು ಬರೆಯಲು ಪುರುಸೊತ್ತಿಲ್ಲದಿದ್ದರೆ, ದಯಮಾಡಿ ವಿಶ್ವಾಮಿತ್ರ ಮಹರ್ಷಿಗಳಿಂದಲೇ ಒಂದು ನಿರಾಕ್ಷೇಪಣಾ ಪತ್ರ ತರಿಸಿಕೊಡಬೇಕು.

ತಮ್ಮ ಫೋಟೋ ನನಗೆ ಇಷ್ಟವಾಗಿತ್ತು, ಈಗಲೂ ಇಷ್ಟವೇ. ಬರುವ ಭಾನುವಾರ ಬರುವುದಾದರೆ, ತಪ್ಪು ಯಾರದೆಂದು ತಾಯಿಯವರಿಗೆ ತಾವೇ ತಿಳಿಸಿ, ನನ್ನ ತಂದೆಯಲ್ಲಿ ಕ್ಷಮೆ ಕೇಳಲು ಸಿದ್ಧರಾಗಿ ಬನ್ನಿ.

ತಮ್ಮ ವಿಶ್ವಾಸಿ, ಮತ್ತು ತಮ್ಮ ಸೈಟಿನ ಪ್ರಕಾರ ತಂಗಿ,
ವಿ. ನಮಿತಾ

ತಾ.ಕ.: ಹೆಸರಿನ ಮೊದಲಿಗಿರುವ 'ವಿ' ವಿಷ್ಣುಮೂರ್ತಿಯವರದು. ಈ ಊರಿನ ರೂಢಿಯಂತೆ ಮದುವೆಯಾದ ಮೇಲೆ ಅದನ್ನು ತೆಗೆದು ಗಂಡನ ಅಕ್ಷರ ಹಾಕಿಸುವ ಯೋಚನೆಯಿದ್ದರೆ ಈಗಲೇ ಬಿಟ್ಟುಬಿಡಿ. ನನ್ನ ಅಪ್ಪನನ್ನು ಒಮ್ಮೆ ಅಳಿಸಿದ್ದು ಸಾಕು. ತಮ್ಮ ಡೇಟಾಬೇಸ್ ಇದುವರೆಗೆ ಯಾವುದಕ್ಕೂ 'ಆಗದು' ಎಂದದ್ದಿಲ್ಲ, ನಾನು ಅನ್ನುತ್ತೇನೆ.