ದವಡೆಯಲ್ಲಿ ಉಳಿದ ಮಾತು

ಮನುಷ್ಯ ತನ್ನ ನಿದ್ದೆಯನ್ನು ತಾನೇ ನೋಡಲಾರ. ಗೊರಕೆ ಹೊಡೆದೆವೋ, ಕನವರಿಸಿದೆವೋ, ಎಲ್ಲದಕ್ಕೂ ಪಕ್ಕದಲ್ಲಿ ಮಲಗಿದವರ ಮಾತನ್ನೇ ನಂಬಬೇಕು. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ ಎಂದು ನನಗೆ ಮೊದಲು ಹೇಳಿದವರು ಆಲಮೇಲದ ಶಿವಪುತ್ರಪ್ಪ ಮಾಸ್ತರರು. ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ಇಂಡಿ ಊರಿನ ಹೈಸ್ಕೂಲಿನಲ್ಲಿ ಕೆಲಸಕ್ಕಿದ್ದೆವು. ಅವರು ಚಿತ್ರಕಲೆ ಕಲಿಸುತ್ತಿದ್ದರು, ನಾನು ಗಣಿತ. ಒಂದೇ ಖೋಲಿಯಲ್ಲಿ ಬಾಡಿಗೆಗಿದ್ದೆವು. ಒಂದು ಮುಂಜಾನೆ ಅವರು ಚಹಾ ಕೈಗೆ ಕೊಡುತ್ತ, "ತಪ್ಪ ತಿಳೀಬ್ಯಾಡ್ರಿ ಸರ್. ರಾತ್ರಿ ಎಲ್ಲಾ ಏನ್ ಬೀಸ್ತೀರಿ? ಜ್ವಾಳನೋ, ಗೋದಿನೋ?" ಎಂದರು.

ನಾನು ನಂಬಲಿಲ್ಲ. ಆದರೆ ಏಳುವಾಗ ದವಡೆ ಬಿಗಿದುಕೊಂಡಿರುವುದು, ಕಣತಲೆ ಸಿಡಿಯುವುದು, ಆಕಳಿಸಿದರೆ ಕಿವಿಯ ಹತ್ತಿರ ಕಟ್ ಎನ್ನುವುದು ಎಲ್ಲವೂ ನಿಜವಾಗಿತ್ತು. ಹೊಟ್ಟೆಯಲ್ಲಿ ಜಂತು ಇದ್ದರೆ ಹೀಗಾಗುತ್ತದೆ ಎಂದು ತೀರ್ಪು ಕೊಟ್ಟ ಮಾಸ್ತರರು ಎಲ್ಲಿಂದಲೋ ಔಷಧ ತಂದು, ಎದುರಿಗೇ ಕುಳಿತು ಕುಡಿಸಿದರು. ಮರುದಿನ ನಾನು ಶಾಲೆಗೆ ಹೋಗಲಿಲ್ಲ. ಎಲ್ಲಿಗೆ ಹೋದೆ, ಎಷ್ಟು ಸಲ ಹೋದೆ ಎಂಬುದು ಇಲ್ಲಿ ಬೇಡ. ಬೀಸುವುದು ಮಾತ್ರ ನಿಲ್ಲಲಿಲ್ಲ.

ಕಾರಣ ನನಗೆ ಒಳಗೊಳಗೇ ಗೊತ್ತಿತ್ತು. ನನ್ನ ಹೆಂಡತಿ ಕಸ್ತೂರಿ ಮುದ್ದೇಬಿಹಾಳದ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ಮದುವೆಯಾದ ಕೂಡಲೇ ಒಂದೇ ಊರಿಗೆ ವರ್ಗ ಬೇಡಿದ್ದೆವು, ಉತ್ತರ ಬಂದಿರಲಿಲ್ಲ. ಅವಳನ್ನು ನೋಡಬೇಕೆಂದರೆ ವಿಜಾಪುರಕ್ಕೆ ಬಂದು, ಬಸ್ಸು ಬದಲಿಸಿ, ಬಾಗೇವಾಡಿ ದಾಟಿ ಹೋಗಬೇಕು. ಮನೆ ಮುಟ್ಟಿ ಕಾಲು ತೊಳೆಯುವುದರೊಳಗೇ ತಿರುಗಿ ಹೋಗುವ ಬಸ್ಸಿನ ಚಿಂತೆ. ಊಟಕ್ಕೆ ನೀಡುವಾಗ ನಾನು ಅವಳ ಕೈ ನೋಡುತ್ತಿದ್ದೆ, ಅವಳು ಗಡಿಯಾರ ನೋಡುತ್ತಿದ್ದಳು. ಇಂಡಿಗೆ ಮರಳಿದ ಮೇಲೆ, ಸಂಜೆ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಬೀಜಗಣಿತ ಅಲ್ಲಿಗೇ ನಿಲ್ಲುತ್ತಿತ್ತು.

ಅವಳು ಕಟ್ಟಿಕೊಟ್ಟ ಕಡಕ್ ಸಜ್ಜೆರೊಟ್ಟಿಯನ್ನು ಒಂದು ದಿನ ಕಡಿದಾಗ ದವಡೆಹಲ್ಲಿನ ಮೂಲೆಯೊಂದು ಚೂರಾಗಿ ಕೈಗೆ ಬಂತು. "ರೊಟ್ಟಿ ಭಾಳ ಗಟ್ಟಿ ಅದಾವಲ್ರಿ" ಎಂದರು ಮಾಸ್ತರರು. ನನಗೆ ಸಿಟ್ಟು ಬಂತು. ನನ್ನ ಹಲ್ಲಿಗೆ ಏನಾದರೂ ಅನ್ನಲಿ, ಆ ರೊಟ್ಟಿಗೆ ಯಾರೂ ಹೆಸರಿಡಬಾರದು. ಉಳಿದದ್ದನ್ನೂ ಇನ್ನೊಂದು ಬದಿಯಿಂದ ಕಡಿದು ಮುಗಿಸಿದೆ.

ಸುದ್ದಿ ತಿಳಿದು ಕಸ್ತೂರಿ ಅತ್ತಲಿಂದ ವಿಜಾಪುರಕ್ಕೆ ಬಂದಳು, ನಾನು ಇತ್ತಲಿಂದ. ಇಬ್ಬರೂ ಕೂಡಿ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ, ಸಾವಧಾನದ ಮನುಷ್ಯ. "ಮಂದಿ ಜಂತು ಅಂತಾರ, ಇದು ಜಂತಿಂದಲ್ರಿ. ಮನಸ್ನ್ಯಾಗ ಹಿಡದಿಟ್ಟದ್ದನ್ನ ದವಡಿ ಅರ್ಯಾಕತ್ತೈತಿ. ಉಣ್ಣು ಹೊತ್ತ ಬಿಟ್ರ ಮ್ಯಾಲಿನ ಹಲ್ಲು ಕೆಳಗಿನ ಹಲ್ಲಿಗೆ ಹತ್ತಬಾರದು. ತುಟಿ ಮುಚ್ಚಿರ್ಲಿ, ಹಲ್ಲು ಬಿಟ್ಟಿರ್ಲಿ. ಮಲಗು ಮುಂದ ಬಿಸಿನೀರಾಗ ಅರಿವಿ ಹಿಂಡಿ ದವಡಿ ಕಾಸ್ಕೋರಿ" ಎಂದರು. ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳಲು ಒಂದು ತೆಳುವಾದ ಹೊದಿಕೆ ಮಾಡಿಕೊಡುವುದಾಗಿ ಹೇಳಿ, "ಅದು ಹಲ್ಲು ಉಳಸ್ತೈತಿ. ಕಡಿಯೂದು ಬಿಡಸ್ತೈತಿ ಅಂತ ನಾ ಹೇಳೂದಿಲ್ಲ" ಎಂದರು.

ನಾನು ಅವರಿಗೆ ನನ್ನ ಕಷ್ಟವನ್ನೆಲ್ಲ ವಿಸ್ತಾರವಾಗಿ ಹೇಳಿದೆ: ಎರಡು ಊರು, ವಿರಹ, ಬಸ್ಸು, ಜಂತಿನ ಔಷಧ. ಔಷಧದ ಮಾತು ಬಂದಾಗ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ಕಸ್ತೂರಿ ನಕ್ಕುಬಿಟ್ಟಳು. ಡಾಕ್ಟರು ಅವಳತ್ತ ತಿರುಗಿ, "ತಂಗಿ, ಸ್ವಲ್ಪ ಬಾಯಿ ತಗಿಯವ್ವಾ" ಎಂದರು. ದೀಪ ಹಿಡಿದು ನೋಡಿದರು. ಆಮೇಲೆ ನನಗೆ, "ಸರ್, ನಿಮ್ಮಕ್ಕಿಂತ ಇವರ ಹಲ್ಲ ಹೆಚ್ಚು ಸವದಾವ. ಮುಂಜಾನೆದ್ದು ತಲಿ ನೋಯ್ತದೇನವ್ವಾ?"

"ದಿನಾ ನೋಯ್ತೈತ್ರಿ. ಬಿಸಲಿಗೆ ಅಂತ ತಿಳ್ಕೊಂಡಿದ್ದೆ" ಎಂದಳು.

ಅವಳ ಖೋಲಿಯಲ್ಲಿ ಅವಳೊಬ್ಬಳೇ. ಹೇಳಲು ಅಲ್ಲಿ ಯಾವ ಶಿವಪುತ್ರಪ್ಪನೂ ಇರಲಿಲ್ಲ. ಹಂಬಲಿಸುವ ಕೆಲಸವನ್ನೆಲ್ಲ ಒಬ್ಬನೇ ಮಾಡುತ್ತಿದ್ದೇನೆಂದು ನಾನು ಇಷ್ಟು ದಿನ ತಿಳಿದಿದ್ದೆ.

ಅವಳನ್ನು ಮುದ್ದೇಬಿಹಾಳದ ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ನಿಂತು, "ತಲಿ ನೋಯ್ತೈತಿ ಅಂತ ನನಗ ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀವು ಬರೂದು ಒಂದ ದಿನ. ನಿಮ್ಮ ಹಲ್ಲಿನ ಸುದ್ದಿ ಮುಗಿಯೂದ್ರಾಗ ಬಸ್ ಬರ್ತಿತ್ತಲ್ರೀ" ಎಂದಳು. ಸಿಟ್ಟಿನಿಂದಲ್ಲ. ಕಿಟಕಿಯ ಸರಳಿನ ಮೇಲಿದ್ದ ನನ್ನ ಬೆರಳುಗಳ ಮೇಲೆ ಕೈಯಿಟ್ಟಳು; ಬಸ್ಸು ಅಲುಗಾಡುವವರೆಗೂ ತೆಗೆಯಲಿಲ್ಲ.

ಮುಂದಿನ ಬೇಸಿಗೆಗೆ ಇಬ್ಬರಿಗೂ ವರ್ಗವಾಗಿ, ಬಸವನ ಬಾಗೇವಾಡಿಯಲ್ಲಿ ಮನೆ ಹಿಡಿದೆವು. ಅಲ್ಲಿ ಮುಂಜಾನೆ ಎದ್ದಕೂಡಲೇ ಮೊದಲು ಅವಳ ತಲೆನೋವು ಕೇಳುವುದು ಎಂದು ಠರಾವು ಮಾಡಿಕೊಂಡೆ. ಅವಳು ತಲೆಯಿಂದ ಆರಂಭಿಸಿ, ಮುಖ್ಯಾಧ್ಯಾಪಕಿ, ಹಾಲಿನವಳು, ತನ್ನ ತಮ್ಮನ ಮದುವೆ ಎಲ್ಲ ಮುಗಿಸುತ್ತಿದ್ದಳು. ನನ್ನ ಹಲ್ಲಿನ ಪಾಳಿ ಬರುವುದರೊಳಗೆ ಶಾಲೆಯ ಗಂಟೆ ಹೊಡೆಯುತ್ತಿತ್ತು.